ರೋಡ್ ಟ್ಯಾಕ್ಸ್ ಕಟ್ಟಿದ್ದೀರೇನ್ರೀ?

ಸೈಕಲ್ ತುಳಿಯುವವನ ಮೇಲೆ ನಮ್ಮ ರಸ್ತೆಗಳಲ್ಲಿ ಮೂರು ಬಗೆಯ ಮಂತ್ರಾಕ್ಷತೆ ಬೀಳುತ್ತದೆ. ‘ಮನೇಲಿ ಹೇಳಿ ಬಂದಿದ್ದೀಯಾ?’ ಎಂಬುದು ಮೊದಲನೆಯದು. ಅದರಲ್ಲಿ ಬೈಗುಳದ ಜೊತೆ ಒಂದು ಚಿಟಿಕೆ ಕಾಳಜಿಯೂ ಇದೆ ಎಂದು ನಾನು ಇವತ್ತಿಗೂ ನಂಬಿದ್ದೇನೆ. ‘ರೋಡೇನು ನಿಮ್ಮಪ್ಪಂದಾ?’ ಎರಡನೆಯದು. ಕೇಳಿದವರು ಉತ್ತರಕ್ಕೆ ನಿಲ್ಲುವುದಿಲ್ಲ, ಹಾಗಾಗಿ ಮನಸ್ಸಿಗೆ ಹಚ್ಚಿಕೊಳ್ಳಬೇಕಾದ್ದೂ ಇಲ್ಲ. ನನ್ನ ಪಿತ್ತ ಕೆರಳಿಸುವುದು ಮೂರನೆಯದು: ‘ರೋಡ್ ಟ್ಯಾಕ್ಸ್ ಕಟ್ಟಿದ್ದೀರೇನ್ರೀ?’ ಮೊದಲೆರಡು ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಇದು ಮಾತ್ರ ವಾದದ ವೇಷ ಕಟ್ಟಿಕೊಂಡು ಬರುತ್ತದೆ. ಹೇಳುವವರ ಮುಖದಲ್ಲಿ ಸಿಟ್ಟೂ ಇರುವುದಿಲ್ಲ, ನ್ಯಾಯ ಹೇಳುವ ಗಾಂಭೀರ್ಯ ಇರುತ್ತದೆ.

ಮೈಸೂರಿನ ಸಿಗ್ನಲ್ಲೊಂದರಲ್ಲಿ ಕಳೆದ ಮಳೆಗಾಲ ಹೀಗೇ ಆಯಿತು. ಬಿಳಿ ಕಾರು, ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪತಿ, ಒಳಗೆ ನನ್ನದೇ ವಯಸ್ಸಿನ ಸಭ್ಯರು. ಕಿಟಕಿ ಇಳಿಸಿದರು. ‘ಸಾರ್, ನಾವು ಲೈಫ್ ಟ್ಯಾಕ್ಸ್ ಕಟ್ಟಿ ರೋಡಿಗೆ ಇಳಿಯೋದು. ನೀವು ಏನು ಕಟ್ಟಿದ್ದೀರಿ? ಸ್ವಲ್ಪ ಸೈಡಲ್ಲಿ ಹೋದ್ರೆ ಏನು?’ ನಾನು ಬಾಯಿ ತೆರೆಯುವಷ್ಟರಲ್ಲಿ ಹಸಿರು ಬಿತ್ತು. ಅವರು ಹೋದರು. ಹಸಿರು ದೀಪ ಆರುವುದರೊಳಗೆ ಹೇಳಿ ಮುಗಿಸುವ ಉತ್ತರವೂ ಅದಾಗಿರಲಿಲ್ಲ.

ಅವರು ನನ್ನನ್ನು ‘ಸಾರ್’ ಎಂದದ್ದು ನನ್ನ ಹೆಲ್ಮೆಟ್ಟಿಗೆ ಮತ್ತು ಸೈಕಲ್ಲಿನ ಗೇರುಗಳಿಗೆ ಸಂದ ಮರ್ಯಾದೆ. ಅದೇ ಸಿಗ್ನಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿಕೊಂಡು ಹಳೆಯ ಅಟ್ಲಾಸ್ ತುಳಿದು ಬರುವ ಸೆಕ್ಯುರಿಟಿ ಗಾರ್ಡಿಗೆ ‘ಲೇ’ ಎಂಬುದೇ ಸಂಬೋಧನೆ. ಸೌಜನ್ಯಕ್ಕೂ ನಮ್ಮಲ್ಲಿ ಶೋರೂಮ್ ಬೆಲೆ ಇದೆ.

ಇನ್ನು ತೆರಿಗೆಗೆ ಬರೋಣ. ನನ್ನ ಮನೆಯಲ್ಲೂ ಒಂದು ಕಾರಿದೆ, ಅದರ ತೆರಿಗೆ ಕಟ್ಟಿದ ರಸೀದಿಯೂ ಇದೆ. ಆ ರಸೀದಿಯಲ್ಲಿ ‘ರೋಡ್ ಟ್ಯಾಕ್ಸ್’ ಎಂದು ಎಲ್ಲೂ ಬರೆದಿಲ್ಲ. ನಾವು ಕಟ್ಟುವುದು 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ ವಾಹನದ ಮೇಲಿನ ತೆರಿಗೆ. ರಸ್ತೆಯಲ್ಲಿ ಓಡಲು ತಕ್ಕುದಾದ ಮೋಟಾರು ವಾಹನ ನಿಮ್ಮಲ್ಲಿದೆ, ಆದ್ದರಿಂದ ಕಟ್ಟಿ, ಅಷ್ಟೇ ಅದರ ತಾತ್ಪರ್ಯ. ಕಾರು ವರ್ಷವಿಡೀ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದ್ದರೂ ಕಟ್ಟಿದ ದುಡ್ಡು ಕಟ್ಟಿದ್ದೇ. ಕಟ್ಟಿದ ಮೇಲೆ ಅದು ರಾಜ್ಯದ ಬೊಕ್ಕಸಕ್ಕೆ ಹೋಗಿ ಹೆಂಡದ ಸುಂಕ, ನೋಂದಣಿಯ ಮುದ್ರಾಂಕ ಶುಲ್ಕ, ಇನ್ನೂ ನೂರೆಂಟು ಬಾಬತ್ತಿನ ಹಣದ ಜೊತೆ ಬೆರೆಯುತ್ತದೆ. ಅಲ್ಲಿಂದ ಮೇಷ್ಟರ ಸಂಬಳವಾಗುತ್ತದೆ, ಪಿಂಚಣಿಯಾಗುತ್ತದೆ, ಬಿಸಿಯೂಟದ ಬೇಳೆಯಾಗುತ್ತದೆ, ಒಂದಿಷ್ಟು ರಸ್ತೆಯೂ ಆಗುತ್ತದೆ. ಬಿಳಿ ಕಾರಿನ ಸಭ್ಯರ ದುಡ್ಡಿನಲ್ಲಿ ಯಾವುದೋ ಹಳ್ಳಿಯ ಮಕ್ಕಳು ಸಾರನ್ನ ಉಂಡಿರಬಹುದು. ಪುಣ್ಯದ ಕೆಲಸ. ಹಾಗೆಂದು ಅವರು ಆ ಶಾಲೆಗೆ ಹೋಗಿ ಪಂಕ್ತಿಯಿಂದ ಒಬ್ಬ ಹುಡುಗನನ್ನು ಎಬ್ಬಿಸುವುದಿಲ್ಲವಲ್ಲ.

ನಮ್ಮ ಮನೆ ಮುಂದಿನ ರಸ್ತೆ ಯಾರ ದುಡ್ಡಿನದು? ಊರೊಳಗಿನ ಬೀದಿಗಳು ಪಾಲಿಕೆಯ ಇಲ್ಲವೇ ಪುರಸಭೆಯ ಸ್ವತ್ತು. ಅವಕ್ಕೆ ಆಸ್ತಿ ತೆರಿಗೆಯಿಂದ, ಸರ್ಕಾರದ ಅನುದಾನದಿಂದ ಹಣ ಬರುತ್ತದೆ. ಸೈಕಲ್ಲಿನವನೂ ಎಲ್ಲೋ ಒಂದು ಸೂರಿನ ಕೆಳಗೆ ಮಲಗುತ್ತಾನೆ. ಸ್ವಂತ ಮನೆಯಾದರೆ ತೆರಿಗೆ ನೇರವಾಗಿ ಕಟ್ಟುತ್ತಾನೆ, ಬಾಡಿಗೆ ಮನೆಯಾದರೆ ಮಾಲೀಕರು ಅದನ್ನು ಬಾಡಿಗೆಯೊಳಗೇ ಸೇರಿಸಿ ವಸೂಲು ಮಾಡಿರುತ್ತಾರೆ. ಸಾಬೂನಿನಿಂದ ಚಪ್ಪಲಿಯವರೆಗೆ ಎಲ್ಲದಕ್ಕೂ ಜಿಎಸ್‌ಟಿ ತೆತ್ತಿರುತ್ತಾನೆ. ಸೈಕಲ್ಲಿಗೂ ತೆತ್ತಿರುತ್ತಾನೆ: 2025ರ ಸೆಪ್ಟೆಂಬರ್ 21ರವರೆಗೆ ಶೇಕಡ 12 ಇತ್ತು, ಆಮೇಲೆ 5ಕ್ಕೆ ಇಳಿಯಿತು. ‘ರೋಡೇನು ನಿಮ್ಮಪ್ಪಂದಾ’ ಎಂದು ಕೇಳುವವರಿಗೆ ಲೆಕ್ಕದ ಉತ್ತರ ಹೌದು ಎಂದೇ ಬರುತ್ತದೆ. ನಮ್ಮಪ್ಪಂದೂ ಹೌದು, ನಿಮ್ಮಪ್ಪಂದೂ ಹೌದು.

ಒಂದು ಮಾತನ್ನು ಒಪ್ಪಲೇಬೇಕು. ಪೆಟ್ರೋಲ್, ಡೀಸೆಲ್ ಮೇಲೆ ಕೇಂದ್ರ ಸರ್ಕಾರ ರಸ್ತೆಗೆಂದೇ ಒಂದು ಸೆಸ್ ಹಾಕುತ್ತದೆ. 2000ದ ಕಾಯ್ದೆಯಿಂದ ಹುಟ್ಟಿದ ಕೇಂದ್ರೀಯ ರಸ್ತೆ ನಿಧಿಗೆ ಅದು ಹೋಗುತ್ತದೆ. 2018ರಿಂದ ಆ ನಿಧಿಯ ಹೆಸರಿಗೆ ‘ಮೂಲಸೌಕರ್ಯ’ವೂ ಸೇರಿಕೊಂಡಿದೆ. ರಾಷ್ಟ್ರೀಯ ಹೆದ್ದಾರಿಗಳಿಗೆ ಅಲ್ಲಿಂದ ದೊಡ್ಡ ಪಾಲು ಸಿಗುತ್ತದೆ. ಸೈಕಲ್ಲಿನವನು ಅದಕ್ಕೆ ಒಂದು ಪೈಸೆ ಕೊಟ್ಟಿಲ್ಲ, ನಿಜ. ಆದರೆ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಅವನನ್ನು 2023ರ ಆಗಸ್ಟ್ 1ರಿಂದ ಬಿಡುವುದೂ ಇಲ್ಲ. ಅವನಿಗೆ ಸರ್ವಿಸ್ ರಸ್ತೆಯೇ ಗತಿ. ಸ್ವಾರಸ್ಯ ಇರುವುದು ಇಲ್ಲೇ. ಅದೇ ದಿನದಿಂದ, ಅದೇ ಆದೇಶದಲ್ಲಿ, ಬೈಕು ಸ್ಕೂಟರುಗಳನ್ನೂ ಆಟೋಗಳನ್ನೂ ಟ್ರ್ಯಾಕ್ಟರುಗಳನ್ನೂ ಹೊರಗಿಟ್ಟರು. ಬೈಕಿನವರು ವಾಹನ ತೆರಿಗೆ ಕಟ್ಟಿದ್ದರು, ಪೆಟ್ರೋಲಿನ ಸೆಸ್ಸನ್ನೂ ಕಟ್ಟಿದ್ದರು. ಕಟ್ಟಿದವನಿಗೇ ಹಕ್ಕು ಎಂಬುದು ಕಾನೂನಾಗಿದ್ದರೆ ಅವರನ್ನು ತಡೆಯುವುದು ಹೇಗೆ ಸಾಧ್ಯವಿತ್ತು? ವೇಗದ ರಸ್ತೆಯಲ್ಲಿ ನಿಧಾನದ ವಾಹನ ಅಪಾಯ ಎಂಬ ಕಾರಣಕ್ಕೆ ತಡೆದರು. ಯಾರ ರಸೀದಿಯನ್ನೂ ನೋಡಲಿಲ್ಲ.

ಇನ್ನೊಂದು ತುದಿಯಿಂದಲೂ ನೋಡಬಹುದು. ವಿದ್ಯುತ್ ಕಾರುಗಳಿಗೆ ಕರ್ನಾಟಕ ಈ ತೆರಿಗೆಯನ್ನು ವರ್ಷಗಟ್ಟಲೆ ಮಾಫಿ ಮಾಡಿತ್ತು. 2024ರಲ್ಲಿ ಮೊದಲು ಕೈ ಹಾಕಿದ್ದು 25 ಲಕ್ಷ ರೂಪಾಯಿ ಮೀರಿದ ಕಾರುಗಳಿಗೆ ಮಾತ್ರ. ಸಭ್ಯರ ತರ್ಕವನ್ನೇ ಹಿಡಿದು ಹೊರಟರೆ ಆ ವರ್ಷಗಳಲ್ಲಿ ಇಪ್ಪತ್ತು ಲಕ್ಷದ ವಿದ್ಯುತ್ ಕಾರಿನವರೆಲ್ಲ ಚರಂಡಿಯ ಅಂಚು ಹಿಡಿದೇ ಹೋಗಬೇಕಿತ್ತು. ಅಂಥವರ ಕಿಟಕಿ ಬಡಿದು ‘ಏನು ಕಟ್ಟಿದ್ದೀರಿ ಸಾರ್’ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಮಕ್ಕಳ ಮಾತಂತೂ ಬಿಡಿ. 2006–07ರಲ್ಲಿ ಸರ್ಕಾರವೇ ಎಂಟನೇ ತರಗತಿಯ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡಲು ಶುರು ಮಾಡಿತು. ಅದೇ ಸರ್ಕಾರದ ರಸ್ತೆಗೆ ಇಳಿಯುವ ಹಕ್ಕು ಆ ಮಕ್ಕಳಿಗೆ ಇರಲಿಲ್ಲವೆಂದರೆ ಅವರು ಸೈಕಲ್ಲನ್ನು ಹೊಲದ ಬದುವಿನ ಮೇಲೆ ಓಡಿಸಬೇಕಿತ್ತೇನೋ.

ಇಷ್ಟು ಗಟ್ಟಿಯಾದ ಮೂಢನಂಬಿಕೆ ಗಾಳಿಯಲ್ಲಿ ಹುಟ್ಟುವುದಿಲ್ಲ. ಇದಕ್ಕೂ ಒಂದು ದೊಡ್ಡ ಮನೆತನವಿದೆ. ರಾಜಸ್ಥಾನದ ಸಾರಿಗೆ ಕಂಪನಿಯೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1962ರಲ್ಲಿ ಒಂದು ವಿಚಾರವನ್ನು ಎತ್ತಿಹಿಡಿಯಿತು: ರಸ್ತೆಗಳನ್ನು ಬಳಸುವುದಕ್ಕೆ ಪ್ರತಿಫಲವಾಗಿ ರಾಜ್ಯಗಳು ಮೋಟಾರು ವಾಹನಗಳ ಮೇಲೆ ತೆರಿಗೆ ಹಾಕಿದರೆ ಅದು ವ್ಯಾಪಾರ ಸ್ವಾತಂತ್ರ್ಯಕ್ಕೆ ಅಡ್ಡಿಯಾಗುವುದಿಲ್ಲ. ‘ಪರಿಹಾರಾತ್ಮಕ ತೆರಿಗೆ’ ಎಂಬ ಈ ಸಿದ್ಧಾಂತ ಅರ್ಧ ಶತಮಾನಕ್ಕೂ ಮಿಕ್ಕಿ ಬಾಳಿತು. 2016ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಅದನ್ನು ಪಕ್ಕಕ್ಕೆ ಸರಿಸಿತು. ವಕೀಲರ ಬಾಯಿಂದ ಏಜೆಂಟರ ಬಾಯಿಗೆ, ಏಜೆಂಟರಿಂದ ಶೋರೂಮಿಗೆ, ಶೋರೂಮಿನಿಂದ ಸಿಗ್ನಲ್ಲಿಗೆ ಇಳಿಯುವಷ್ಟರಲ್ಲಿ ಆ ಸಿದ್ಧಾಂತ ‘ರೋಡ್ ನಾನು ಕೊಂಡುಕೊಂಡಿದ್ದೇನೆ’ ಎಂದಾಗಿಬಿಟ್ಟಿದೆ. ಸಿದ್ಧಾಂತ ಜೀವಂತವಾಗಿದ್ದಾಗಲೂ ಸರ್ಕಾರ ತೆರಿಗೆ ಹಾಕಬಹುದೇ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಕಟ್ಟದವನು ಪಕ್ಕಕ್ಕೆ ಸರಿಯಬೇಕೇ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ಸೈಕಲ್ಲಿಗೆ ತೆರಿಗೆಯೇ ಇರಲಿಲ್ಲ ಎಂಬುದೂ ತಪ್ಪು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯ ಪಟ್ಟಿಯ 57ನೇ ನಮೂದನ್ನು ತೆರೆದು ನೋಡಿ. ಯಂತ್ರದಿಂದ ಓಡಲಿ ಬಿಡಲಿ, ರಸ್ತೆಗೆ ತಕ್ಕ ಎಲ್ಲ ವಾಹನಗಳ ಮೇಲೂ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿದೆ, ಟ್ರಾಮ್ ಗಾಡಿಯನ್ನೂ ಬಿಟ್ಟಿಲ್ಲ. ನಮ್ಮಪ್ಪನ ಕಾಲದ ಪುರಸಭೆಗಳು ಸೈಕಲ್ಲಿಗೆ ವರ್ಷವರ್ಷವೂ ತೆರಿಗೆ ಕಟ್ಟಿಸಿಕೊಂಡು ತಗಡಿನ ಬಿಲ್ಲೆ ಕೊಡುತ್ತಿದ್ದವು. ನಮ್ಮ ತಂದೆಯ ರ‍್ಯಾಲಿ ಸೈಕಲ್ಲಿನ ಹ್ಯಾಂಡಲ್ಲಿಗೆ ಅಂಥದೊಂದು ನೇತಾಡುತ್ತಿತ್ತು. ಬಿಲ್ಲೆ ಇಲ್ಲದ ಸೈಕಲ್ಲನ್ನು ಪುರಸಭೆಯವರು ಹಿಡಿದು ಕಚೇರಿಗೆ ಸಾಗಿಸುವರು, ರಾತ್ರಿ ದೀಪ ಇಲ್ಲದಿದ್ದರೆ, ಡಬಲ್ಸ್ ಹೋದರೆ ಪೊಲೀಸರು ದಂಡ ಹಾಕುವರು. ಸೀಮೆಎಣ್ಣೆ ದೀಪ ಗಾಳಿಗೆ ಆರಿದ್ದಕ್ಕೆ ನಮ್ಮಪ್ಪ ಎರಡು ರೂಪಾಯಿ ದಂಡ ತೆತ್ತ ಕಥೆ ನಮ್ಮ ಮನೆಯ ರಾಮಾಯಣ. ತೆರಿಗೆ ಕಟ್ಟಿ ಬಿಲ್ಲೆ ನೇತುಹಾಕಿಕೊಂಡಿದ್ದ ಅವರಿಗೂ ಲಾರಿಯವರು ಹಾರ್ನ್ ಹೊಡೆದೇ ಹೊಡೆದರಂತೆ. ಬಿಲ್ಲೆಯಿಂದ ಮರ್ಯಾದೆ ಒಂದಿಂಚೂ ಹೆಚ್ಚಲಿಲ್ಲ.

ಇನ್ನು ರಸ್ತೆ ಸವೆಯುವ ಲೆಕ್ಕ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರಸ್ತೆಗಳ ಮೇಲೆ ಟ್ರಕ್ಕುಗಳನ್ನು ಹಗಲೂ ರಾತ್ರಿ ಓಡಿಸಿ ಒಂದು ದೊಡ್ಡ ಪರೀಕ್ಷೆ ಮಾಡಿದರು. ಅಲ್ಲಿಂದ ಬಂದ ಸೂತ್ರವನ್ನೇ ರಸ್ತೆ ಎಂಜಿನಿಯರುಗಳು ಇವತ್ತಿಗೂ ಬಳಸುತ್ತಾರೆ: ರಸ್ತೆಗೆ ಆಗುವ ಹಾನಿ ಒಂದು ಅಚ್ಚಿನ ಮೇಲೆ ಬೀಳುವ ಭಾರದ ಹೆಚ್ಚುಕಡಿಮೆ ನಾಲ್ಕನೇ ಘಾತಕ್ಕೆ ಏರುತ್ತದೆ. ನಾನು 65 ಕಿಲೋ, ಸೈಕಲ್ 20 ಕಿಲೋ, ಅಚ್ಚೊಂದಕ್ಕೆ ನಲವತ್ತೆರಡೂವರೆ. ಕಾರು 1,200 ಕಿಲೋ ಎಂದಿಟ್ಟುಕೊಂಡರೆ ಅಚ್ಚೊಂದಕ್ಕೆ 600. ಹದಿನಾಲ್ಕು ಪಟ್ಟು ಭಾರ. ನಾಲ್ಕನೇ ಘಾತಕ್ಕೆ ಏರಿಸಿದರೆ ಹಾನಿ ಸುಮಾರು 40 ಸಾವಿರ ಪಟ್ಟು. ಟ್ರಕ್ಕಿಗಾಗಿ ಹೆಣೆದ ಸೂತ್ರವನ್ನು ಸೈಕಲ್ಲಿನವರೆಗೆ ಎಳೆಯುವುದು ಅತಿಯಾಯಿತು ಎಂದು ಎಂಜಿನಿಯರು ಮಿತ್ರರು ಗದರುತ್ತಾರೆ, ಗದರಲಿ. ಸಭ್ಯರು ಕಾರಿಗೆ 1 ಲಕ್ಷ 60 ಸಾವಿರ ರೂಪಾಯಿ ಆಜೀವ ತೆರಿಗೆ ಕಟ್ಟಿದ್ದರೆ ನನ್ನ ಪಾಲಿಗೆ ಬರುವುದು ನಾಲ್ಕು ರೂಪಾಯಿ, ಆಯುಷ್ಯಕ್ಕೆಲ್ಲ ಸೇರಿ. ಈ ಲೆಕ್ಕ ಅಂದೇ ಹೊಳೆದಿದ್ದರೆ ಗಣಪತಿಯ ಪಕ್ಕ ಇಟ್ಟು ಬರುತ್ತಿದ್ದೆ. ಅವರೂ ಜಂಬ ಪಡಬೇಕಾಗಿಲ್ಲ. ಅಚ್ಚೊಂದಕ್ಕೆ ಹತ್ತು ಟನ್ ಹೊರುವ ಲಾರಿಯ ಮುಂದೆ ಅವರ ಕಾರು ಮಾಡುವ ಹಾನಿ 75 ಸಾವಿರದಲ್ಲಿ ಒಂದು ಪಾಲೂ ಇಲ್ಲ. ಲಾರಿಯವನು ಅವರ ಕಿಟಕಿ ಬಡಿದು ‘ಸೈಡಲ್ಲಿ ಹೋಗ್ರೀ’ ಎಂದರೆ ಅವರ ತರ್ಕದ ಪ್ರಕಾರವೇ ಸರಿ.

ಈ ತೆರಿಗೆಯ ಮಾತು ಬರೀ ಲೆಕ್ಕದ ತಪ್ಪಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ರಸ್ತೆ ತನ್ನದೆಂದು ನಂಬಿದವನಿಗೆ ದಾರಿ ಬಿಡುವುದು ದಾನ ಕೊಟ್ಟಂತೆ ಕಾಣುತ್ತದೆ. ದಾನ ಕೊಟ್ಟವನು ಕೃತಜ್ಞತೆಯನ್ನೂ ಎದುರು ನೋಡುತ್ತಾನೆ. ಹಿಂದೆ ಬಂದು ಎರಡು ಸಲ ಹಾರ್ನ್ ಹೊಡೆದು, ಮೊಣಕೈಗೆ ಕನ್ನಡಿ ತಾಗುವಷ್ಟು ಹತ್ತಿರದಿಂದ ದಾಟಿ ಹೋದವರು ನೂರು ಗಜದಾಚೆ ಸಿಗ್ನಲ್ಲಿನಲ್ಲಿ ನಿಂತಿರುತ್ತಾರೆ. ಪಕ್ಕಕ್ಕೆ ಹೋಗಿ ನಿಂತರೆ ‘ಹಾರ್ನ್ ಹೊಡೆದು ಹೇಳಲಿಲ್ವಾ?’ ಎಂದು ಕೇಳುತ್ತಾರೆ. ಹಾರ್ನೇ ಸೌಜನ್ಯ ಎಂಬುದು ಇವರ ಇನ್ನೊಂದು ನಂಬಿಕೆ. ಅದಕ್ಕೆ ಲಾರಿಗಳ ಹಿಂಬದಿಯ ‘ಹಾರ್ನ್ ಓಕೆ ಪ್ಲೀಸ್’ ಶಾಸ್ತ್ರಾಧಾರ. ಮಹಾರಾಷ್ಟ್ರ 2015ರಲ್ಲೇ ಆ ಬರಹವನ್ನು ನಿಷೇಧಿಸಿತು. 2019ರ ತಿದ್ದುಪಡಿಯ ಪ್ರಕಾರ ಅನಗತ್ಯ ಹಾರ್ನಿಗೆ ಮೊದಲ ಸಲ ಸಾವಿರ ರೂಪಾಯಿ, ಮುಂದಿನ ಸಲಕ್ಕೆ ಎರಡು ಸಾವಿರ ದಂಡ. ಅದಿರಲಿ, ಸೈಕಲ್ಲಿನವನಿಗೆ ಗಾಜಿಲ್ಲ, ಏಸಿ ಇಲ್ಲ, ಹಿಂದೆ ಬರುವ ಬಸ್ಸಿನ ಎಂಜಿನ್ ಸದ್ದು ಅವನಿಗೆ ಫರ್ಲಾಂಗಿನಿಂದಲೇ ಕೇಳಿಸಿರುತ್ತದೆ. ಕಿವಿಯ ಪಕ್ಕ ಹಾರ್ನ್ ಮೊಳಗಿದರೆ ಬೆಚ್ಚಿ ಹ್ಯಾಂಡಲ್ ಅಲುಗುತ್ತದೆ. ಎಚ್ಚರಿಸಿದವನೇ ಬೀಳಿಸಿದ ಹಾಗೆ.

ಒಮ್ಮೆ ನಂಜನಗೂಡಿನ ಕಡೆ ಕಿರಿದಾದ ಹಳೆಯ ಸೇತುವೆಯೊಂದರ ಮೇಲೆ ನನ್ನ ಹಿಂದೆ ಜಲ್ಲಿ ತುಂಬಿದ ಟಿಪ್ಪರ್ ಬಂತು. ಟಿಪ್ಪರ್ ಎಂದರೆ ಯಮನ ಕೋಣ ಎಂದೇ ನಮ್ಮ ಕಡೆ ಲೆಕ್ಕ. ಸೇತುವೆ ಮುಗಿಯುವವರೆಗೂ ಅದನ್ನು ಓಡಿಸುತ್ತಿದ್ದ ಹುಡುಗ ಗೇರು ಇಳಿಸಿಕೊಂಡು ಹಿಂದೆಯೇ ಬಂದ. ಹಾರ್ನಿಲ್ಲ, ಎಂಜಿನ್ ಗುರ್ ಎನ್ನಿಸಿ ಹೆದರಿಸಲೂ ಇಲ್ಲ. ದಾಟಿದ ಮೇಲೆ ಇಡೀ ಗಾಡಿಯನ್ನು ಬಲಕ್ಕೆ ತೆಗೆದುಕೊಂಡು, ಧೂಳು ಎಬ್ಬಿಸದೆ ಹೋದ. ಅವನು ಕಳೆದುಕೊಂಡದ್ದು ಅರ್ಧ ನಿಮಿಷ. ಜರ್ಮನಿಯಲ್ಲಿ 2020ರಿಂದ ಕಾನೂನೇ ಇದೆ: ಸೈಕಲ್ಲನ್ನು ದಾಟುವಾಗ ಊರೊಳಗೆ ಒಂದೂವರೆ ಮೀಟರು, ಊರಾಚೆ ಎರಡು ಮೀಟರು ಬಿಡಬೇಕು. ಟಿಪ್ಪರಿನ ಹುಡುಗ ಜರ್ಮನಿಯ ಹೆಸರು ಕೇಳಿದ್ದನೋ ಇಲ್ಲವೋ, ಎರಡು ಮೀಟರಿಗೆ ಕಡಿಮೆ ಬಿಡಲಿಲ್ಲ.

ಅಂಚಿಗೆ ಅಂಟಿಕೊಂಡು ಹೋದಷ್ಟೂ ಕ್ಷೇಮ ಎಂಬುದು ಸೈಕಲ್ಲಿನವರೂ ಕಾರಿನವರೂ ಒಗ್ಗಟ್ಟಾಗಿ ನಂಬಿರುವ ಏಕೈಕ ಸಂಗತಿ. ಅಂಚಿನಲ್ಲಿ ಇರುವುದು ಮರಳು, ಮ್ಯಾನ್‌ಹೋಲ್ ಗುಂಡಿ, ಚರಂಡಿಯ ಕಬ್ಬಿಣದ ಜಾಲರಿ, ನಿಲ್ಲಿಸಿದ ಕಾರುಗಳ ಬಾಗಿಲು. ಅಂಚಿಗೆ ಸರಿದಷ್ಟೂ ಹಿಂದಿನವನಿಗೆ ‘ತೂರಿಸಬಹುದು’ ಎಂಬ ಆಸೆ ಹುಟ್ಟುತ್ತದೆ. ಒಂದು ಮಾರು ಒಳಗೆ, ನೆಟ್ಟಗೆ, ಅತ್ತಿತ್ತ ಓಲಾಡದೆ ಹೋಗುವವನನ್ನು ಎಲ್ಲರೂ ಸರಿಯಾಗಿ ನೋಡುತ್ತಾರೆ. ಬಾಗಿಲಿನ ಮಾತು ಬಂದದ್ದರಿಂದ ಹೇಳುತ್ತೇನೆ, ನಿಲ್ಲಿಸಿದ ಕಾರಿನ ಬಲಬಾಗಿಲನ್ನು ಎಡಗೈಯಿಂದ ತೆರೆಯಿರಿ. ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ. ನೆದರ್ಲೆಂಡ್ಸಿನ ಹೆಸರಲ್ಲಿ ಪ್ರಸಿದ್ಧವಾದ ಈ ಉಪಾಯಕ್ಕೆ ಒಂದು ಕಾಸಿನ ಖರ್ಚಿಲ್ಲ.

ನಮ್ಮವರ ಪಾಪವನ್ನೂ ಮುಚ್ಚಿಡುವುದಿಲ್ಲ. ಎದುರು ದಿಕ್ಕಿನಲ್ಲಿ ಹೋದರೆ ಬರುವ ವಾಹನ ಕಾಣುತ್ತದೆ, ಆದ್ದರಿಂದ ಸುರಕ್ಷಿತ ಎನ್ನುವ ಸೈಕಲ್ಲಿನವರಿಗೆ ಒಂದು ಲೆಕ್ಕ: 40ರಲ್ಲಿ ಬರುವ ಕಾರು 15ರಲ್ಲಿ ಹೋಗುವ ಸೈಕಲ್ಲನ್ನು ಹಿಂದಿನಿಂದ ಮುಟ್ಟಿದರೆ ವೇಗದ ಅಂತರ 25, ಎದುರಿನಿಂದಾದರೆ 55, ಏಟಿನ ಶಕ್ತಿ ಸುಮಾರು ಐದು ಪಟ್ಟು. ಅಡ್ಡರಸ್ತೆಯಿಂದ ಎಡಕ್ಕೆ ತಿರುಗುವವನು ಬಲಕ್ಕೆ ನೋಡಿ ತಿರುಗುತ್ತಾನೆ, ಎಡದಿಂದ ನೀವು ಪ್ರತ್ಯಕ್ಷವಾಗುವಿರೆಂದು ಅವನಿಗೆ ಕನಸು ಬಿದ್ದಿರುವುದಿಲ್ಲ. ಸಿಗ್ನಲ್ ಮೋಟಾರಿನವರಿಗೆ ಮಾತ್ರ ಎಂಬುದೂ ಸುಳ್ಳು, ಕೆಂಪು ದೀಪ ಎಂಜಿನ್ ಇದೆಯೇ ಎಂದು ಬಗ್ಗಿ ನೋಡುವುದಿಲ್ಲ. ಹಿಂದೆ ಕೆಂಪು ದೀಪವಿಲ್ಲದೆ, ಎರಡೂ ಕಿವಿಗೆ ಇಯರ್‌ಫೋನ್ ಜಡಿದುಕೊಂಡು ಕತ್ತಲಲ್ಲಿ ತೇಲುವವರ ಪರವಾಗಿ ನಾನು ವಕಾಲತ್ತು ವಹಿಸಲಾರೆ.

ಆದರೂ ಕುತ್ತಿಗೆಯವರೆಗೆ ಬರುವುದು ಆ ರಸೀದಿಯ ಮಾತೇ. ದುಡ್ಡು ಕೊಟ್ಟಲ್ಲಿ ಒಡೆತನ ಬಂತು ಎಂಬ ಭ್ರಮೆ ಸೈಕಲ್ಲಿನ ವಿಷಯದಲ್ಲಿ ಮಾತ್ರ ಇದ್ದರೆ ಸಹಿಸಬಹುದಿತ್ತು. ಟೋಲ್ ಕಟ್ಟಿದವರು ವೇಗದ ಮಿತಿ ತಮಗಲ್ಲ ಎನ್ನುತ್ತಾರೆ. ಬೆಳಿಗ್ಗೆ ಹೆಲ್ಮೆಟ್ ಇಲ್ಲದ್ದಕ್ಕೆ ದಂಡ ತೆತ್ತವರು ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ಇವತ್ತು ಮಧ್ಯರಾತ್ರಿಯವರೆಗೆ ಯಾರೂ ಕೇಳುವ ಹಾಗಿಲ್ಲ ಎಂದು ಬರಿದಲೆಯಲ್ಲಿ ಸುತ್ತುತ್ತಾರೆ, ತಲೆಬುರುಡೆಗೆ ಚೀಟಿ ಓದಲು ಬರುವ ಹಾಗೆ. ಸಂಘದ ಅಧ್ಯಕ್ಷರು ನಂಬರ್ ಪ್ಲೇಟಿಗಿಂತ ದೊಡ್ಡ ಕೆಂಪು ಫಲಕ ಬರೆಸುತ್ತಾರೆ, ನಾವು ನೋಡಿ ದಾರಿ ಬಿಡುತ್ತೇವೆ. ಯಾವ ಸಂಘ, ಎಷ್ಟು ಜನ ಸದಸ್ಯರು ಎಂದು ಕೇಳುವುದಿಲ್ಲ. ಹೊಸ ಕಾರಿನ ಚಕ್ರದಡಿ ನಾಲ್ಕು ನಿಂಬೆಹಣ್ಣು ಜಜ್ಜಿದ ಮೇಲೆ ಸೀಟ್ ಬೆಲ್ಟ್ ಯಾಕೆ ಎಂದ ಸಂಬಂಧಿಕರೊಬ್ಬರು ನಮ್ಮಲ್ಲೇ ಇದ್ದಾರೆ. ತರಕಾರಿಯವಳ ತಕ್ಕಡಿಯನ್ನು ಮೂರು ಸಲ ಅನುಮಾನಿಸುವ ಜನ ನಾವು. ಫಲಕ, ಚೀಟಿ, ಬಿಲ್ಲೆ, ಮೊಹರು ಕಂಡರೆ ಮಾತ್ರ ಕೈಮುಗಿದು ನಿಲ್ಲುತ್ತೇವೆ.

ಇದನ್ನು ಪರೀಕ್ಷಿಸುವ ಚಪಲ ನನಗೆ ಈಚೆಗೆ ಹುಟ್ಟಿತು. ತಂದೆಯ ಹಳೆಯ ಟ್ರಂಕಿನಲ್ಲಿ ಆ ಬಿಲ್ಲೆ ಸಿಕ್ಕಿತು, ತುಕ್ಕು ಹಿಡಿದು ಅಂಕಿಗಳು ಅರ್ಧ ಅಳಿಸಿವೆ. ಹುಣಸೆಹಣ್ಣಿನಿಂದ ಉಜ್ಜಿ ಸೈಕಲ್ಲಿನ ಹ್ಯಾಂಡಲ್ಲಿಗೆ ತಂತಿ ಹಾಕಿ ಕಟ್ಟಿದೆ. ವಾರ ಕಳೆದಿರಲಿಲ್ಲ, ಅದೇ ಸಿಗ್ನಲ್ಲಿನಲ್ಲಿ ಹಿಂದಿನಿಂದ ಒಂದು ಸ್ಕೂಟರ್ ಬಂದು ಪಕ್ಕಕ್ಕೆ ನಿಂತಿತು. ಹುಡುಗ ಬಾಯಿ ತೆರೆದವನು ಬಿಲ್ಲೆ ನೋಡಿದ.

‘ಏನ್ ಸಾರ್ ಅದು?’

‘ಸೈಕಲ್ ಟ್ಯಾಕ್ಸ್. ಕಟ್ಟಿದ್ದೀವಿ.’

ಅವನು ಒಂದು ಗಳಿಗೆ ಅದನ್ನೇ ನೋಡಿದ. ಯಾವ ಇಸವಿ ಎಂದು ಕೇಳಲಿಲ್ಲ. ಸ್ಕೂಟರನ್ನು ಒಂದು ಗೇಣು ಹಿಂದಕ್ಕೆ ತಳ್ಳಿಕೊಂಡು, ‘ಹಂಗಾದ್ರೆ ಸರಿ, ನೀವು ಮುಂದೆ ಹೋಗಿ ಸಾರ್’ ಎಂದ.